ಕೂಸು ಎತ್ತಿಕೊಂಡು ಶಾಲೆಗೆ ಹೋದವಳು

ಚಿತ್ರದುರ್ಗದ ಮಕ್ಕಳ ಮನೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ನಮ್ಮವ್ವ ಹಿರಿಯೂರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಸರ್ಕಾರಿ ಕೆಲಸ ಅಂತಷ್ಟೇ ಹೇಳಿ ಸುಮ್ಮನಾದಳು. ಊರವರು ಆ ಮನೆಯನ್ನು ಕರೆಯುತ್ತಿದ್ದುದೇ ಮಕ್ಕಳ ಜೈಲು ಅಂತ. ಕಳ್ಳತನ ಮಾಡಿ ಸಿಕ್ಕಿಬಿದ್ದವರು, ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡವರು, ಯಾರೂ ಇಲ್ಲದವರು, ಎಲ್ಲರನ್ನೂ ಪೊಲೀಸರು ಅಲ್ಲಿಗೇ ತಂದು ಬಿಡುತ್ತಿದ್ದರು. ಹೆಂಚಿನ ಉದ್ದನೆಯ ಕಟ್ಟಡ, ಮುಂದೆ ಕಬ್ಬಿಣದ ಗೇಟು, ಒಳಗೆ ಒಂದು ಬೇವಿನ ಮರ. ಹೆಣ್ಣುಮಕ್ಕಳ ಕಡೆಯ ಉಸ್ತುವಾರಿ ನನ್ನದು. ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆಯುವುದರಿಂದ ಹಿಡಿದು ಕೋರ್ಟಿಗೆ ಕರೆದುಕೊಂಡು ಹೋಗುವವರೆಗೆ ಎಲ್ಲಕ್ಕೂ ನಾನೇ. ಮದುವೆಯ ವಯಸ್ಸು ದಾಟುತ್ತಿದೆ ಎಂದು ಅವ್ವ ಗೊಣಗುತ್ತಿದ್ದ ಕಾಲ ಅದು. ಆ ವಯಸ್ಸಿಗೇ ನನ್ನ ಮೈಗೆ ಮುದುಕಿಯ ಸುಸ್ತು ಬಂದಿತ್ತು. ಬೆಳಿಗ್ಗೆ ಎದ್ದರೆ ರಾತ್ರಿ ಮಲಗಿದ್ದೆನೋ ಇಲ್ಲವೋ ಎನಿಸುತ್ತಿತ್ತು.

ಆ ಹುಡುಗಿಯನ್ನು ತಂದದ್ದು ಎಮರ್ಜೆನ್ಸಿಗೆ ಹಿಂದಿನ ವರ್ಷ, ಮಳೆಗಾಲದ ಒಂದು ಸಂಜೆ. ದಫೇದಾರರು ಕೊಡೆ ಮಡಚಿ ಗೋಡೆಗೆ ಒರಗಿಸಿ, "ಕೂಸು ಕದ್ದ ಕೇಸು ಮೇಡಮ್ಮ, ಬರಕಳ್ರಿ" ಅಂದರು.

ನಾನು ಅವರ ಹಿಂದೆ ನಿಂತಿದ್ದವಳನ್ನು ನೋಡಿದೆ. ಎಂಟೋ ಒಂಬತ್ತೋ ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಾಚಿದ ತಲೆ, ತುಂಬಿದ ಕೆನ್ನೆ, ಯಾರೋ ದೊಡ್ಡವರ ರವಿಕೆ ಹಿಡಿಸಿ ಹೊಲಿದ ಅಂಗಿ. ಹಸಿದ ಮಗುವಿನಂತೆ ಕಾಣಲಿಲ್ಲ. ಎಡಗಡೆಯ ಸೊಂಟವನ್ನು ಸ್ವಲ್ಪ ಹೊರಕ್ಕೆ ಚಾಚಿ ವಾರೆಯಾಗಿ ನಿಂತಿದ್ದಳು. ಅಲ್ಲಿ ಕೂಸು ಇಲ್ಲದಿದ್ದರೂ ನಿಲ್ಲುವ ರೀತಿ ಮಾತ್ರ ಕೂಸು ಹೊತ್ತವಳದು.

"ಯಾಕವ್ವ, ಕೂಸು ಯಾಕೆ ಎತ್ಕಂಡು ಹೋದೆ?" ಅಂದೆ.

ಅವಳು, "ಪಾಪು ಅಳ್ತಿತ್ತಾ ಅಕ್ಕ? ಅದು ನಾನಿಲ್ಲದಿದ್ರೆ ಮಲಗಲ್ಲ" ಅಂದಳು.

ನಡೆದದ್ದು ಏನು ಅಂತ ಅವಳ ಬಾಯಿಂದ ಬಿಡಿಸಿಕೊಳ್ಳಲು ಎರಡು ಮೂರು ದಿನ ಹಿಡಿಯಿತು. ಅವಳು ಚಿತ್ರದುರ್ಗದಲ್ಲೇ ಅಡಿಕೆ ವ್ಯಾಪಾರದವರ ಮನೆಯಲ್ಲಿದ್ದಳು. ಭೀಮಸಮುದ್ರದ ಕಡೆಯಿಂದ ಬಂದು ಪೇಟೆಯಲ್ಲಿ ಮನೆ ಮಾಡಿದ್ದ ಜನ. ಆ ಮನೆಯ ಕೂಸನ್ನು ಆಡಿಸುವುದು ಅವಳ ಕೆಲಸ. ಆದರೆ ಅದು ಕೆಲಸ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಊರಿಂದ ಹೊರಡುವಾಗ ಅವಳಪ್ಪ, "ದುರ್ಗಕ್ಕೆ ಕಳಿಸ್ತೀನಿ, ಅಲ್ಲಿ ಸ್ಕೂಲಿಗೆ ಹಾಕ್ತಾರೆ" ಎಂದಿದ್ದ. ಸ್ಕೂಲು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಇವಳು ಕಾದಿದ್ದಳು. ಪಕ್ಕದ ಬೀದಿಯಲ್ಲೇ ಒಂದು ಪ್ರೈಮರಿ ಶಾಲೆ. ದಿನಾ ಕೂಸನ್ನು ಎತ್ತಿಕೊಂಡು ಹೋಗಿ ಅದರ ಕಿಟಕಿಯ ಹತ್ತಿರ ನಿಲ್ಲುವಳು. ಒಂದು ದಿನ ಜೋರು ಮಳೆ ಬಂತು. ಒಳಗಿದ್ದ ಟೀಚರಮ್ಮ, ಯಾವುದೋ ಮಗುವಿನ ಅಕ್ಕ ಇರಬೇಕು ಅಂದುಕೊಂಡು, "ನೆನೀಬ್ಯಾಡ, ಒಳಗೆ ಬಾ" ಎಂದು ಕರೆದರು. ಇವಳು ಹಿಂದಿನ ಸಾಲಿನಲ್ಲಿ ಕೂತಳು. ಕೂಸು ತೊಡೆಯ ಮೇಲೆ ನಿದ್ದೆ ಹೋಯಿತು. ಮಧ್ಯಾಹ್ನ ಶಾಲೆಯಲ್ಲಿ ಹಳದಿ ಉಪ್ಪಿಟ್ಟು ಕೊಟ್ಟರು. ಎಲ್ಲೋ ಸಮುದ್ರದಾಚೆಯ ದೇಶದವರು ನಮ್ಮ ಮಕ್ಕಳಿಗೆಂದು ಕಳಿಸುತ್ತಿದ್ದ ಹಿಟ್ಟಿನದು. ಅದನ್ನೇ ಬೆರಳಲ್ಲಿ ನುರಿದು ಕೂಸಿಗೂ ತಿನ್ನಿಸಿದಳು. ಸಂಜೆ ಗಂಟೆ ಹೊಡೆದಾಗ ಎಲ್ಲಾ ಮಕ್ಕಳ ಜೊತೆ ಎದ್ದು ಮನೆ ಕಡೆ ಹೊರಟಳು. ಅಷ್ಟರಲ್ಲಿ ಆ ಮನೆಯವರು ಬೀದಿ ಬೀದಿ ಹುಡುಕಿ, ಪೊಲೀಸಿಗೆ ಹೇಳಿ, ತಾಯಿ ಎಚ್ಚರ ತಪ್ಪಿ ಬಿದ್ದು ದೊಡ್ಡ ರಂಪವಾಗಿತ್ತು. ಮನೆಗೆ ನಾಲ್ಕು ಹೆಜ್ಜೆ ಇರುವಾಗ ಕಾನ್‌ಸ್ಟೇಬಲ್ ಅವಳ ರಟ್ಟೆ ಹಿಡಿದ.

"ಗಂಟೆ ಹೊಡೆಯೋ ತನಕ ಎದ್ದು ಹೋಗಂಗಿಲ್ಲ ಅಂತ ಪಕ್ಕದ ಹುಡುಗಿ ಹೇಳಿದ್ಲು. ಅದಕ್ಕೇ ಕುಂತಿದ್ದೆ" ಅಂದಳು ನನ್ನ ಹತ್ತಿರ.

ಮಕ್ಕಳ ಮನೆಯಲ್ಲಿ ಬೆಳಿಗ್ಗೆ ಹೊತ್ತು ಒಬ್ಬರು ಮೇಷ್ಟರು ಬಂದು ಬೇವಿನ ಮರದ ಕೆಳಗೆ ಅಕ್ಷರ ತಿದ್ದಿಸುತ್ತಿದ್ದರು. ಉಳಿದ ಮಕ್ಕಳು ಆಕಳಿಸಿಕೊಂಡು ಕೂರುತ್ತಿದ್ದರು, ಗೋಡೆ ಹಾರುವುದು ಹೇಗೆ ಎಂದು ಯೋಚಿಸುತ್ತಿದ್ದರು. ಇವಳಿಗೆ ಒಂದು ಸ್ಲೇಟು ಕೊಟ್ಟದ್ದೇ ಸಾಕಾಯಿತು. ಬಚ್ಚಲ ಕಲ್ಲಿನ ಮೇಲೆ, ನೆಲದ ಮೇಲೆ, ಒದ್ದೆ ಬೆರಳಲ್ಲಿ ಎಲ್ಲೆಂದರಲ್ಲಿ ಬರೆಯುವಳು. ವಾರ ಕಳೆದ ಮೇಲೆ ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ, "ಇದೇ ಅಲ್ವೇನಕ್ಕ ನಮ್ಮಪ್ಪ ಹೇಳಿದ್ ಸ್ಕೂಲು?" ಅಂತ ಕೇಳಿದಳು.

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ತಲೆ ಅಲ್ಲಾಡಿಸಬ್ಯಾಡ" ಅಂದೆ.

ಕೋರ್ಟಿನಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಮನೆಯಾಕೆ ಕೂಸನ್ನು ಎತ್ತಿಕೊಂಡೇ ಬಂದಿದ್ದಳು. ಕೆಟ್ಟ ಹೆಂಗಸಲ್ಲ. "ಹೊಡೆದಿಲ್ಲ, ಬಡಿದಿಲ್ಲ ಸ್ವಾಮಿ. ನಾವು ಉಂಡಿದ್ದೇ ಉಣ್ಣಾಕಿಟ್ಟಿದ್ದೀವಿ" ಅಂದಳು. ಅದು ನಿಜವೇ ಆಗಿತ್ತು, ಹುಡುಗಿಯ ಕೆನ್ನೆಯೇ ಹೇಳುತ್ತಿತ್ತು. ಮ್ಯಾಜಿಸ್ಟ್ರೇಟರು ನನ್ನಂತೆಯೇ ದಣಿದ ಮನುಷ್ಯ. ಕೂಸಿಗೆ ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೇಸು ತೆಗೆದುಹಾಕಿದರು. ಹುಡುಗಿಯನ್ನು ತಂದೆತಾಯಿಗೆ ಒಪ್ಪಿಸಿ ಬನ್ನಿ ಎಂದರು. ಹೊರಗೆ ಜಗುಲಿಯಲ್ಲಿ ಆ ಕೂಸು ಇವಳನ್ನು ಕಂಡು ಎರಡೂ ಕೈ ಚಾಚಿ ಬಾಗಿತು. ಇವಳು ಒಂದು ಹೆಜ್ಜೆ ಮುಂದಿಟ್ಟಳು. ಕೂಸಿನ ತಾಯಿ ಅದರ ಮೇಲೆ ಸೆರಗು ಮುಚ್ಚಿಕೊಂಡು ಬೆನ್ನು ತಿರುಗಿಸಿದಳು. ಆಕೆಯೂ ಅಳುತ್ತಿದ್ದಳು.

ತಂದೆತಾಯಿಗೆ ಒಪ್ಪಿಸಬೇಕಾದರೆ ಮೊದಲು ಅವರು ಎಲ್ಲಿದ್ದಾರೆಂದು ತಿಳಿಯಬೇಕಲ್ಲ. ಹುಡುಗಿಯನ್ನು ಕೇಳಿದರೆ, "ನಮ್ಮ ಹಟ್ಟಿ" ಅನ್ನುವಳು.

"ಯಾವ ಹಟ್ಟಿ?"

"ಹಟ್ಟಿ ಅಕ್ಕ. ನಮ್ಮಜ್ಜಿ ಐತೆ, ಕುರಿ ಅವೆ."

ನಮ್ಮ ಜಿಲ್ಲೆಯಲ್ಲಿ ಅಜ್ಜಿ ಮತ್ತು ಕುರಿ ಇರುವ ಹಟ್ಟಿಗಳಿಗೆ ಲೆಕ್ಕವುಂಟೇ? ಆ ಮನೆಯ ಯಜಮಾನರು, "ನಮ್ಮ ಜಮೀನು ನೋಡಿಕೊಳ್ಳುತ್ತಿದ್ದ ಹೊಳಲ್ಕೆರೆ ಕಡೆಯ ಬಿ.ದುರ್ಗದ ಆಳೊಬ್ಬ ತಂದು ಬಿಟ್ಟಿದ್ದ" ಎಂದಷ್ಟೇ ಹೇಳಿದ್ದರು. ಸೂಪರಿಂಟೆಂಡೆಂಟರು, "ಹೋಗಿ ಬಾರಮ್ಮ, ಹೆಣ್ಣುಹುಡುಗಿ ಜೊತೆ ಗಂಡಸರನ್ನ ಕಳಿಸಕ್ಕಾಗಲ್ಲ" ಅಂದರು. ನಾನು ಒಂದು ಬ್ಯಾಗಿನಲ್ಲಿ ಸೀರೆ ತುಂಬಿಕೊಂಡು ಹೊರಟೆ. ಗೇಟಿನ ಹತ್ತಿರ ಹುಡುಗಿ ಸ್ಲೇಟು ಬಿಡಲು ಒಪ್ಪಲಿಲ್ಲ. ಅದು ಸರ್ಕಾರದ್ದು. ಕೈಯಿಂದ ಬಿಡಿಸಿ ಮೇಷ್ಟರಿಗೆ ಕೊಟ್ಟೆ. ಹೊಳಲ್ಕೆರೆ ಬಸ್ಸು ಊರು ದಾಟುವ ತನಕ ಅವಳು ಸದ್ದಿಲ್ಲದೆ ಅತ್ತಳು. ಮನೆಗೆ ಹೋಗುತ್ತೀನಿ ಎಂದು ಅಳುವ ಮಕ್ಕಳನ್ನು ಕಂಡಿದ್ದೆ. ಮನೆಗೆ ಕರೆದುಕೊಂಡು ಹೊರಟಾಗ ಅಳುವವಳನ್ನು ಕಂಡದ್ದು ಅದೇ ಮೊದಲು.

ಹೊಳಲ್ಕೆರೆಯಲ್ಲಿ ಇಳಿದು, ಬಿ.ದುರ್ಗದ ಬಸ್ಸಿಗೆ ಕಾದು, ಅಲ್ಲಿ ಆಳಿನ ಮನೆ ಹುಡುಕಿದರೆ ಬಾಗಿಲಿಗೆ ಬೀಗ. ಪಕ್ಕದಲ್ಲಿದ್ದ ಅವನ ಅಕ್ಕ ಹೊರಗೆ ಬಂದು, "ಅವನು ಬ್ಯಾಸಿಗೇಲೇ ಊರು ಬಿಟ್ಟನಮ್ಮ" ಎಂದಳು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಕುರಿಯೋರ ಮಗಳಲ್ಲವಾ? ಶ್ರೀರಾಂಪುರದ ಕಡೆಯಿಂದ ತಂದಿದ್ದ. ಅವರು ಮಂದೆ ಬಿಟ್ಕಂಡು ಈ ಕಡೆ ಬಂದಿದ್ರು, ಆಗ ಪರಿಚಯ" ಎಂದಳು. ಶ್ರೀರಾಂಪುರ ಎಂದರೆ ಹೊಸದುರ್ಗ ತಾಲ್ಲೂಕು. ಮತ್ತೆ ಹೊಳಲ್ಕೆರೆಗೆ ಬಂದು ಹೊಸದುರ್ಗದ ಬಸ್ಸು ಹತ್ತುವ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು. ಬಸ್ಸಿನ ಡೀಸೆಲ್ ವಾಸನೆ ನನಗೆ ಎಂದೂ ಆಗುತ್ತಿರಲಿಲ್ಲ. ಹುಡುಗಿ ನನ್ನ ಹಣೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟತೊಡಗಿದಳು, ಕೂಸಿಗೆ ತಟ್ಟುವ ಹಾಗೆ. ನಾನು ಹಾಗೇ ಕಣ್ಣು ಮುಚ್ಚಿದೆ.

ಹೊಸದುರ್ಗದಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಚಿಕ್ಕಮ್ಮ ಯಾರು ಏನು ಎಂದು ಕೇಳದೆ ಇಬ್ಬರಿಗೂ ಮುದ್ದೆ, ಹುರುಳಿಕಾಳು ಸಾರು ಹಾಕಿದಳು. ಬೆಳಿಗ್ಗೆ ನಾನು ಏಳುವುದರೊಳಗೆ ಹುಡುಗಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ಪಾತ್ರೆಗೆ ಕೈ ಹಾಕಿದ್ದಳು. ಯಾರೂ ಹೇಳಿರಲಿಲ್ಲ. ಬೇರೆಯವರ ಮನೆ ಎಂದರೆ ಹಾಗೆ ಮಾಡಬೇಕು ಎಂದು ಆ ವಯಸ್ಸಿಗೇ ಅವಳ ಕೈಗೆ ಗೊತ್ತಾಗಿಹೋಗಿತ್ತು.

"ಬಿಡು, ನೀನಿಲ್ಲಿ ನೆಂಟರವಳು" ಎಂದು ಪಾತ್ರೆ ಕಸಿದುಕೊಂಡೆ.

"ನೆಂಟರು ಏನ್ಮಾಡ್ತಾರಕ್ಕ?" ಅಂದಳು.

"ಕೂತ್ಕಂತಾರೆ."

ಅವಳು ಜಗುಲಿಯ ಮೇಲೆ ಕೂತಳು. ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತಿಗೆ ಎದ್ದು ಬಂದು ನನ್ನ ಪಕ್ಕ ನಿಂತಳು.

ಶ್ರೀರಾಂಪುರದ ಬಸ್ಸಿನಲ್ಲಿ ಊರು ಇನ್ನೂ ದೂರವಿರುವಾಗಲೇ ಅವಳು ಸೀಟಿನಿಂದ ಎದ್ದು ಬಾಗಿಲ ಕಡೆ ನಡೆದಳು. ಹೊರಗೆ ಒಂದು ಒಣ ಕೆರೆ, ಅದರ ಏರಿಯ ಮೇಲೆ ಜಾಲಿ ಗಿಡ. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಇಳಿಸಿ ಎಂದೆ. ಅಲ್ಲಿಂದ ಅವಳೇ ಮುಂದೆ, ನಾನು ಹಿಂದೆ. ಅಷ್ಟು ದಿನ ನೋಡಿದ ಹುಡುಗಿಯೇ ಅಲ್ಲ ಎನ್ನುವಂತೆ ನಡೆದಳು, ಮುಳ್ಳು ಎಲ್ಲಿದೆ, ಕಲ್ಲು ಎಲ್ಲಿದೆ ಎಂದು ನೋಡದೆಯೇ.

ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ಒಂದಷ್ಟು ಗುಡಿಸಲು. ಗಂಡಸರೆಲ್ಲ ಮಂದೆ ಹೊಡೆದುಕೊಂಡು ಹಿರಿಯೂರಿನ ಕಡೆಗೆ ಹೋಗಿದ್ದರು. ಅವಳ ಅವ್ವ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದವಳು ಮಗಳನ್ನು ನೋಡಿ ಎದ್ದಳು, ಮತ್ತೆ ನನ್ನನ್ನು ನೋಡಿ ಹೆದರಿ ನಿಂತಳು. ಹುಡುಗಿ ಹೋಗಿ ಅವ್ವನನ್ನು ತಬ್ಬಿಕೊಳ್ಳಲಿಲ್ಲ. ತಾನಿಲ್ಲದಾಗ ಹುಟ್ಟಿದ ಆ ಕೂಸನ್ನು ಅವ್ವನ ಕೈಯಿಂದ ತೆಗೆದು ಎಡಗಡೆಯ ಸೊಂಟಕ್ಕೆ ಏರಿಸಿಕೊಂಡಳು.

"ಕುಂತ್ಕಳ್ರಿ ಅಮ್ಮಾರೆ" ಎಂದು ಅವ್ವ ಕಂಬಳಿ ಹಾಸಿದಳು. ನಾನು ಎಲ್ಲವನ್ನೂ ಹೇಳಿದೆ. ಪೊಲೀಸು, ಕೋರ್ಟು ಎಂಬ ಮಾತಿಗೆ ಅವಳ ಮುಖ ಬಿಳುಚಿತು. ಆದರೆ ಅವಳನ್ನು ಹೆಚ್ಚು ನೋಯಿಸಿದ್ದು ಬೇರೆ.

"ಓದುಸ್ತೀವಿ ಅಂದಿದ್ರಲ್ರಿ. ಅದಕ್ಕೇ ಕಳ್ಸಿದ್ದು. ಸುಳ್ಳಾ ಅದು?"

"ಸುಳ್ಳೇ ಕಣಮ್ಮ."

ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಅಲ್ಲೂ ಕೂಸೇ ಹೊರಬೇಕು, ಇಲ್ಲೂ ಕೂಸೇ ಹೊರಬೇಕು. ಇಲ್ಲಿ ಹೊತ್ರೆ ನಮ್ಮ ಕೂಸು, ಅಷ್ಟೇಯ."

ಒಪ್ಪಿಸಿದ ಕಾಗದಕ್ಕೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವಳು, "ನಿಮ್ಮ ಆ ಮಕ್ಕಳ ಮನೇಲಿ ಅಕ್ಷರ ಕಲಿಸ್ತಾರಂತೆ. ಅಲ್ಲೇ ಇಟ್ಕಳ್ರಿ" ಎಂದಳು.

"ಅಲ್ಲಿ ಯಾರೂ ಇಲ್ಲದ ಮಕ್ಕಳನ್ನ ಇಟ್ಕಂತಾರೆ. ಇಲ್ಲಾ ತಪ್ಪು ಮಾಡಿದೋರನ್ನ."

ಅವಳು, "ಹಂಗಾರೆ ನಾವು ಬದುಕಿರೋದೇ ಅಡ್ಡಿಯಾತು" ಅಂದಳು. ಕೋಪದಿಂದಲ್ಲ, ಹವಾಮಾನದ ವಿಷಯ ಹೇಳುವಂತೆ.

ನಾನು ಆಗ ಎದ್ದು ಬಸ್ಸು ಹಿಡಿಯಬಹುದಿತ್ತು. ನನ್ನ ಕೆಲಸ ಮುಗಿದಿತ್ತು. ಯಾಕೆ ಎದ್ದು ಹೋಗಲಿಲ್ಲ ಎಂದು ಈಗಲೂ ಸರಿಯಾಗಿ ಹೇಳಲಾರೆ. ಬಸ್ಸಿನಲ್ಲಿ ಹಣೆ ತಟ್ಟಿದ ಕೈಯೇ ಇರಬೇಕು. ಹುಡುಗಿಯನ್ನು ಕರೆದು, "ನಿನಗೇನು ಬೇಕು ಹೇಳು" ಎಂದೆ. ಅಷ್ಟು ದಿನ ದಫೇದಾರರು, ಕೋರ್ಟಿನವರು, ನಾನು, ಎಲ್ಲರೂ ಅವಳನ್ನು ಏನೇನೋ ಕೇಳಿದ್ದೆವು. ಇದೊಂದನ್ನು ಯಾರೂ ಕೇಳಿರಲಿಲ್ಲ. ಅವಳು ಅವ್ವನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ರಾತ್ರಿಗೆ ಇಲ್ಲೇ ಇರ್ತೀನಿ. ಹಗಲು ಸ್ಕೂಲಿಗೆ ಹೋಗ್ತೀನಿ."

ಊರಲ್ಲಿ ಯಾವ ಮಗುವಾದರೂ ಮಾಡುವುದು ಅದನ್ನೇ. ಅವಳು ಹೆಚ್ಚೇನೂ ಕೇಳಿರಲಿಲ್ಲ.

ಅವ್ವ, ಹುಡುಗಿ, ಅವಳ ಸೊಂಟದ ಕೂಸು, ನಾನು, ಎಲ್ಲಾ ನಡೆದುಕೊಂಡೇ ಶ್ರೀರಾಂಪುರಕ್ಕೆ ಹೋದೆವು. ಶಾಲೆಯ ಹೆಡ್‌ಮೇಷ್ಟರು ವಯಸ್ಸಾದವರು, ಸೌಮ್ಯ ಸ್ವಭಾವದ ಮನುಷ್ಯ. "ಸೇರ್ಸಕ್ಕೆ ಏನಡ್ಡಿ? ಹಟ್ಟಿ ಮಕ್ಕಳನ್ನ ನಾನ್ಯಾವತ್ತೂ ಬ್ಯಾಡ ಅಂದಿಲ್ಲ. ಅವರೇ ಬರಲ್ಲ" ಅಂದರು. ಹುಡುಗಿಯ ಸೊಂಟದ ಕಡೆ ಬೆರಳು ತೋರಿಸಿ, "ಇದನ್ನ ಮಾತ್ರ ತರಂಗಿಲ್ಲ" ಎಂದರು.

"ಇದನ್ನ ಬಿಟ್ಟು ಬರಾಕಾಗಲ್ಲ ಸಾರ್. ಅವರವ್ವ ಹೊಲಕ್ಕೆ ಹೋಗ್ಬೇಕು" ಅಂದೆ.

"ಒಬ್ಬಳು ತಂದ್ರೆ ಎಲ್ಲಾರೂ ತರ್ತಾರಮ್ಮ. ನಾಳೆ ಇನ್‌ಸ್ಪೆಕ್ಟರು ಬಂದ್ರೆ ಏನು ಹೇಳಲಿ?"

ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತುಬಿಟ್ಟೆ. "ನಿನ್ನೆ ಬೆಳಿಗ್ಗೆಯಿಂದ ಬಸ್ಸಲ್ಲೇ ಇದ್ದೀನಿ ಸಾರ್. ನೀವು ಹೂಂ ಅಂದ್ರೆ ಮನೆಗೆ ಹೋಗ್ತೀನಿ" ಎಂದೆ. ಅವರು ನನಗೆ ಕುಡಿಯಲು ನೀರು ತರಿಸಿಕೊಟ್ಟರು. ಕೊನೆಗೆ, "ಹಿಂದಿನ ಸಾಲಲ್ಲಿ ಕೂರ್ಲಿ. ಕೂಸು ಅತ್ರೆ ಎದ್ದು ಹೊರಗೆ ಹೋಗ್ಲಿ, ಸುಮ್ಮನಾದ್ರೆ ಒಳಗೆ ಬರ್ಲಿ" ಅಂದರು.

ಮಾರನೆಯ ವರ್ಷ ಬೇರೊಂದು ಮಗುವನ್ನು ಬಿಟ್ಟುಬರಲು ಆ ಕಡೆ ಹೋದಾಗ ಶಾಲೆಗೆ ಹೋಗಿ ನೋಡಿದೆ. ಹಿಂದಿನ ಸಾಲಿನಲ್ಲಿ ಅವಳೊಬ್ಬಳೇ ಇರಲಿಲ್ಲ. ಹಟ್ಟಿಯಿಂದಲೂ ಊರೊಳಗಿಂದಲೂ ಬಂದ ಐದಾರು ಹುಡುಗಿಯರು, ತೊಡೆಯ ಮೇಲೆ ಒಂದೊಂದು ಕೂಸು. ಒಂದು ಅತ್ತರೆ ಇನ್ನೊಂದು ಶುರು ಮಾಡುತ್ತಿತ್ತು. ಹೆಡ್‌ಮೇಷ್ಟರು ಹೊರಗೆ ಬಂದು, "ನೋಡ್ರಿ ನೀವು ಮಾಡಿದ ಕೆಲಸ. ಮಗ್ಗಿ ಹೇಳ್ಕೊಡ್ತೀನೋ ಜೋಗುಳ ಹಾಡ್ತೀನೋ ನನಗೇ ಗೊತ್ತಾಗ್ತಿಲ್ಲ" ಅಂದರು. ಬೈಗುಳದ ಹಾಗೆ ಹೇಳಿದರೂ ಅವರ ಹೆಗಲ ಮೇಲೂ ಒಂದು ಕೂಸು ಮಲಗಿತ್ತು. ನನ್ನ ಆ ಕೆಲಸದ ವರ್ಷಗಳಲ್ಲಿ ನಾನು ಬಾಯಿ ತುಂಬಾ ನಕ್ಕದ್ದು ಅದೊಂದೇ ದಿನ ಎಂದು ನೆನಪು.

ಅದು ಬಹಳ ಕಾಲ ನಡೆಯಲಿಲ್ಲ. ಹೆಡ್‌ಮೇಷ್ಟರು ರಿಟೈರಾದರು. ಅವರ ಜಾಗಕ್ಕೆ ಬಂದವರು ಶಿಸ್ತಿನವರು, ಕೂಸುಗಳನ್ನು ಒಳಗೆ ಬಿಡಲಿಲ್ಲ. ಕೂಸುಗಳ ಜೊತೆ ಹುಡುಗಿಯರೂ ಬರುವುದನ್ನು ನಿಲ್ಲಿಸಿದರು. ನಾನು ಮೇಲಿನವರಿಗೆ ಬರೆದೆ, ಹೋಗಿ ಹೇಳಿದೆ. ಚಿಕ್ಕಮಕ್ಕಳನ್ನು ನೋಡಿಕೊಳ್ಳಲು ಶಾಲೆಯ ಪಕ್ಕ ಒಂದು ಬಾಲವಾಡಿ ಕೊಡಿ ಎಂದು ಕೇಳಿದೆ. ನೋಡೋಣ ಎಂದರು. ನೋಡೋಣ ಎಂಬ ಮಾತನ್ನು ಕೇಳಿ ಕೇಳಿ ನನಗೆ ಅದು ಇಲ್ಲ ಎಂಬುದರ ಇನ್ನೊಂದು ಹೆಸರು ಅನಿಸಿಬಿಟ್ಟಿತ್ತು.

ಎಪ್ಪತ್ತೊಂಬತ್ತನೇ ಇಸವಿಯನ್ನು ಇಡೀ ಪ್ರಪಂಚಕ್ಕೆ ಮಕ್ಕಳ ವರ್ಷವೆಂದು ಸಾರಿದರು. ಅಷ್ಟು ಹೊತ್ತಿಗೆ ನಾನು ಹಿರಿಯೂರಿನ ಇಲಾಖೆ ಆಫೀಸಿಗೆ ವರ್ಗ ಮಾಡಿಸಿಕೊಂಡು ಬಂದಿದ್ದೆ, ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾವುಟ ಹಿಡಿಸಿ ಮೆರವಣಿಗೆ ಮಾಡಿದೆವು. ಮಕ್ಕಳಿಗೆ ಆಟದ ಹಕ್ಕು, ಪಾಠದ ಹಕ್ಕು, ಅಕ್ಕರೆಯ ಹಕ್ಕು ಇದೆ ಎಂದು ವೇದಿಕೆಯ ಮೇಲೆ ಹೇಳಿದರು. ಒಳ್ಳೆಯ ಮಾತುಗಳೇ. ಬಿಸಿಲಿಗೆ ಒಂದಿಬ್ಬರು ಮಕ್ಕಳು ತಲೆಸುತ್ತಿ ಬಿದ್ದರು, ನಾನು ಅವರನ್ನು ನೆರಳಿಗೆ ಎಳೆದು ಕೂರಿಸಿ ನೀರು ಕುಡಿಸುತ್ತಿದ್ದುದರಿಂದ ಭಾಷಣ ಪೂರ್ತಿ ಕೇಳಿಸಲಿಲ್ಲ.

ಅದೇ ವರ್ಷ, ಬೇಸಿಗೆಯ ಕೊನೆಯಲ್ಲಿ, ಊರಾಚೆಯ ಹೊಲವೊಂದರಲ್ಲಿ ಕುರಿ ಮಂದೆ ಬೀಡುಬಿಟ್ಟಿತ್ತು. ನಾನು ಹಾದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಹುಡುಗಿ ಕೈ ಬೀಸುತ್ತಾ ಓಡಿ ಬಂದಳು. ಎತ್ತರ ಬೆಳೆದಿದ್ದಳು. ನನಗೆ ಗುರುತೇ ಸಿಗಲಿಲ್ಲ. ವಾರೆಯಾಗಿ ನಿಂತ ಮೇಲೆ ಸಿಕ್ಕಿತು.

ಅವಳಪ್ಪ ಅತ್ತ ಕಂಬಳಿ ಹೊದ್ದು ಮಲಗಿದ್ದ. ಅವಳು ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಮಂದೆಗೆ ಬರುತ್ತಿದ್ದಳಂತೆ. ಓದಲು ಬರುತ್ತದೆಯೇ ಎಂದು ಕೇಳಿದೆ.

"ಬಸ್ಸಿನ ಬೋರ್ಡು ಓದ್ತೀನಿ. ಬೀಡಿ ಕಟ್ಟಿನ ಮ್ಯಾಲಿಂದು ಓದ್ತೀನಿ. ಕಾಗುಣಿತದಲ್ಲಿ ಎಲ್ಡು ಮೂರು ಮರ್ತೋಗ್ಯಾವೆ" ಎಂದಳು. ಆಮೇಲೆ ನೇರವಾಗಿ ಕೇಳಿದಳು: "ಅಕ್ಕ, ದೊಡ್ಡೋರಾದ ಹುಡುಗೇರು ಕುಂತ್ಕಳೋ ಸ್ಕೂಲು ಎಲ್ಲಾದ್ರೂ ಐತಾ?"

ಹೆಣ್ಣುಮಕ್ಕಳ ಹಾಸ್ಟೆಲು ಇತ್ತು. ಅಲ್ಲಿಗೆ ಸೇರಬೇಕಾದರೆ ನಾಲ್ಕನೇ ಕ್ಲಾಸು ಪಾಸಾಗಿರಬೇಕು, ವಯಸ್ಸು ಮೀರಿರಬಾರದು. ಅವಳು ಪಾಸಾಗಿರಲಿಲ್ಲ, ವಯಸ್ಸೂ ಮೀರಿತ್ತು. ನಾನು ಮನಸ್ಸಿನಲ್ಲೇ ಒಂದೊಂದು ಬಾಗಿಲನ್ನೂ ತಟ್ಟಿ ನೋಡಿದೆ. ಎಲ್ಲಾ ಕಡೆಯ ಉತ್ತರವೂ ನನಗೆ ಮೊದಲೇ ಗೊತ್ತಿತ್ತು.

"ಇಲ್ಲ ಕಣವ್ವ" ಅಂದೆ.

"ಹಂಗಾರೆ ಬಿಡ್ರಿ." ಅವಳು ನನ್ನ ಮುಖ ನೋಡಿ ನಕ್ಕಳು. "ನೀವ್ಯಾಕೆ ಸಪ್ಪಗಾದ್ರಿ? ಬಿಸಿಲೈತೆ, ಬರ್ರಿ, ಕುಂತ್ಕಳ್ರಿ."

ಬನ್ನಿ ಮರದ ನೆರಳಲ್ಲಿ ಕಂಬಳಿ ಹಾಸಿದಳು. ಒಂದು ಮರಿ ಬಂದು ಅವಳ ಸೆರಗು ಜಗಿಯತೊಡಗಿತು. ಆಫೀಸಿಗೆ ಹೊತ್ತಾಗುತ್ತಿತ್ತು. ಆದರೂ ನಾನು ಕಾಲು ಚಾಚಿ ಕೂತೆ.